ಹನ್ನೊಂದು ಸಾವಿರ ಹೆಜ್ಜೆ ಮತ್ತು ಸುಗಲಾಬಾಯಿಯ ಹಿಟ್ಟು

ಕಳೆದ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಅಕ್ಕಲಕೋಟ ರಸ್ತೆಯಲ್ಲಿ, ಎಂಐಡಿಸಿ ಕಾರಖಾನೆಗಳನ್ನು ದಾಟಿದ ಮೇಲೆ ಸಿಗುವ ಒಂದು ಬೇವಿನ ಗಿಡದ ಕೆಳಗೆ ಕುಸಿದು ಕುಳಿತೆ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಪಾದಯಾತ್ರೆ ಹೊರಟವಳು. ಹೋಗಬೇಕಾದದ್ದು ನಲವತ್ತು ಕಿಲೋಮೀಟರಿಗೆ ಕೊಂಚ ಕಡಿಮೆ. ಹೋಗಿದ್ದದ್ದು ಆರೋ ಏಳೋ.

ಮೊಣಕಾಲು ಮುಷ್ಕರ ಹೂಡಿತ್ತು. ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸರಿಯಾಗಿ ಅದೇ ಹೊತ್ತಿಗೆ ಕೈಯಲ್ಲಿ ಏನೋ ಗುರ್ರೆಂದಿತು. ನೋಡಿದರೆ ನನ್ನ ಸ್ಮಾರ್ಟ್‌ವಾಚು. ಹತ್ತು ಸಾವಿರ ಹೆಜ್ಜೆಯ ಗುರಿ ಮುಟ್ಟಿದ್ದಕ್ಕೆ ಅಭಿನಂದನೆ ಹೇಳಿ, ಗಾಜಿನ ಮೇಲೆ ಬಣ್ಣಬಣ್ಣದ ಪಟಾಕಿ ಹಾರಿಸುತ್ತಿತ್ತು.

ಕುಸಿದು ಬಿದ್ದವರ ಮುಂದೆ ಪಟಾಕಿ ಹಾರಿಸುವವರನ್ನು ನೀವು ಏನೆಂದು ಕರೆಯುತ್ತೀರಿ?

ಈ ವಾಚು ಮನೆಗೆ ಬಂದು ಆರು ತಿಂಗಳಾಯಿತು. ನಮ್ಮ ಯಜಮಾನರದು ಚಾದರು, ಟವೆಲ್ಲಿನ ವ್ಯಾಪಾರ. ನನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ ಎಂದು ತಂದರು. ಅಗ್ಗದ್ದಲ್ಲ, ಶೋರೂಮಿನ ಗಾಜಿನ ಪೆಟ್ಟಿಗೆಯೊಳಗೆ ಬೀಗ ಹಾಕಿ ಇಟ್ಟಿರುತ್ತಾರಲ್ಲ, ಅಂಥದ್ದು. ಚಪಳಗಾಂವದ ನನ್ನ ತವರಿನಲ್ಲಿ ಆ ಬೆಲೆಗೆ ಹಾಲು ಕೊಡುವ ಎಮ್ಮೆ ಬರುತ್ತದೆ ಎಂದು ನಾನು ಅಂದೆ. "ಎಮ್ಮಿ ಕೈಗಿ ಕಟಗೊಂಡ ತಿರಗಾಕ ಬರ್ತದೇನ?" ಎಂದರು ಅವರು.

ನಾನು ಹುಟ್ಟಾ ಸಂಶಯದವಳು. ಹಾಲಿನವನ ಅಳತೆ, ಹೂವಿನವಳ ಮೊಳ, ಪೂಜಾರಿಯ ಮಂತ್ರ, ಯಾವುದನ್ನೂ ಒಂದೇ ಏಟಿಗೆ ನಂಬಿದವಳಲ್ಲ. ವಾಚನ್ನು ಬಿಡುತ್ತೇನೆಯೇ? ಅದು ಮೊದಲ ದಿನವೇ ಅನುಮತಿ ಕೇಳಲು ಶುರು ಮಾಡಿತು. ನಿಮ್ಮ ಮಾತು ಕೇಳಲೇ? ನೀವು ಎಲ್ಲಿರುತ್ತೀರಿ ನೋಡಲೇ? ನಿಮ್ಮ ಫೋನಿನ ಹೆಸರುಗಳನ್ನೆಲ್ಲ ಓದಲೇ? ಹೊಸ ಸೊಸೆಯೂ ವರ್ಷ ಕಳೆಯದೆ ಇಷ್ಟು ಕೇಳುವುದಿಲ್ಲ.

ಒಂದು ದಿನ ಹಾಸಿಗೆ ಹಳೆಯದಾಯಿತು ಎಂದು ಯಜಮಾನರಿಗೆ ಹೇಳಿದೆ. ಸಂಜೆ ಫೋನ್ ತೆರೆದರೆ ಹಾಸಿಗೆಯ ಜಾಹೀರಾತು. ಕಾಕತಾಳೀಯವೇ? ಇರಬಹುದು. ಅಂದಿನಿಂದ ನಾದಿನಿಯ ಬಗ್ಗೆ ಏನಾದರೂ ಹೇಳುವುದಿದ್ದರೆ ನಾನು ವಾಚು ಬಿಚ್ಚಿ ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟು ಬರುತ್ತಿದ್ದೆ.

ನಿದ್ದೆಯದೂ ಅದೇ ಕತೆ. ನಾನು ಹಾಯಾಗಿ ಎದ್ದಿರುತ್ತೇನೆ. ವಾಚು ನೋಡಿದರೆ ನಿಮ್ಮ ನಿದ್ದೆ ಸರಿಯಾಗಿಲ್ಲ ಎನ್ನುತ್ತದೆ. ಓದಿದ ಮೇಲೆ ನಿಜವಾಗಿಯೂ ಆಕಳಿಕೆ ಬರುತ್ತದೆ. ಇಷ್ಟೆಲ್ಲ ಸಾಲದೆಂದು ದಿನಾ ಚಾರ್ಜು ಬೇರೆ. ಎಮ್ಮೆಗೂ ಮೇವು, ಇದಕ್ಕೂ ಮೇವು, ಹಾಲು ಮಾತ್ರ ಇಲ್ಲ.

ಇಷ್ಟಾದರೂ ಯಾಕೆ ಕಟ್ಟಿಕೊಂಡೆ? ಎರಡು ಕಾರಣ. ಒಂದು, ಅದು ಕೈಯಲ್ಲಿದ್ದರೆ ಮದುವೆ ಮನೆಗಳಲ್ಲಿ ನಾಲ್ಕು ಮಂದಿ ನೋಡುತ್ತಿದ್ದರು. (ಎಲ್ಲರೂ ಎಡಗೈಗೆ ಕಟ್ಟುತ್ತಾರೆ. ನಾನು ಬಲಗೈಗೆ ಕಟ್ಟಿದೆ. ಅರಿಶಿನ ಕುಂಕುಮ ಕೊಡುವಾಗ ಚೆನ್ನಾಗಿ ಕಾಣುತ್ತದೆ. ಸುಳ್ಳೇಕೆ ಹೇಳಲಿ?) ಇನ್ನೊಂದು, ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ವಾಚು ಹೆಜ್ಜೆ ಎಣಿಸುತ್ತದೆ.

ಮೊದಲ ಮೂರು ತಿಂಗಳು ಪ್ರಾಮಾಣಿಕವಾಗಿ ನಡೆದೆ. ಬೆಳಿಗ್ಗೆದ್ದು ಸಿದ್ಧೇಶ್ವರ ಕೆರೆಯ ದಂಡೆಗೆ ಹೋಗುವುದು, ಸುತ್ತು ಹಾಕುವುದು, ಬರುವುದು. ಆರು ಸಾವಿರ ಹೆಜ್ಜೆಯ ಆಸುಪಾಸು. ರಿಪೋರ್ಟಿನಲ್ಲಿ ಸಕ್ಕರೆ ಸ್ವಲ್ಪ ಇಳಿದಿತ್ತು. "ಚಲೋ ಅದರಿ, ಹಿಂಗ ಸಾವಕಾಶ ಇಳೀಬೇಕು" ಎಂದರು ಡಾಕ್ಟರು.

ನನಗೆ ಸಮಾಧಾನವಾಗಲಿಲ್ಲ. ಇಷ್ಟು ನಡೆದರೂ ಇಷ್ಟೇನಾ? ಎಲ್ಲೋ ಏನೋ ಸೋರುತ್ತಿದೆ. ಯಾರೋ ಏನೋ ಮಾಡುತ್ತಿದ್ದಾರೆ. (ಕೆರೆ ಸುತ್ತಿದ ಮೇಲೆ ಗೆಳತಿಯರ ಜತೆ ತಿನ್ನುತ್ತಿದ್ದ ಬಿಸಿ ಭಜಿ ನನ್ನ ಸಂಶಯದ ಪಟ್ಟಿಯಲ್ಲಿ ಇರಲಿಲ್ಲ.)

ಪಟ್ಟಿಯಲ್ಲಿ ಮೊದಲ ಹೆಸರು ಸುಗಲಾಬಾಯಿಯದು.

ಸುಗಲಾಬಾಯಿ ನಮ್ಮ ಗಲ್ಲಿಯ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುವ ಹೆಂಗಸು. ತವರು ಮಂಗಳವೇಢಾದ ಹತ್ತಿರದ ಹುಲಜಂತಿ. ಗಂಡನಿಲ್ಲ. ಇಪ್ಪತ್ತು ವರ್ಷದಿಂದ ಅವಳ ಮನೆಯ ಒಲೆ ಉರಿಯುವುದೇ ನಮ್ಮಂಥ ಮನೆಗಳ ರೊಟ್ಟಿಯಿಂದ. ಅವಳ ರೊಟ್ಟಿ ತೆಳುವು, ಮೆತ್ತಗೆ, ಬೆಳ್ಳಗೆ. ಆ ಬೆಳ್ಳಗಿದ್ದದ್ದೇ ಅವಳಿಗೆ ಮುಳುವಾಯಿತು. ಜೋಳದ ರೊಟ್ಟಿ ಅಷ್ಟು ಬೆಳ್ಳಗೆ ಹೇಗೆ ಇರಲು ಸಾಧ್ಯ? ಅಕ್ಕಿ ಹಿಟ್ಟು ಬೆರೆಸುತ್ತಿರಬೇಕು. ನನ್ನ ಸಕ್ಕರೆ ಇಳಿಯದೆ ಇರುವುದು ಅದಕ್ಕೇ.

ಅವಳನ್ನು ಕೇಳಿದೆನೇ? ಇಲ್ಲ. ಎದುರುಮನೆಯ ಶೋಭಾ ವೈನಿಯ ಕಿವಿಯಲ್ಲಿ ಹೇಳಿದೆ. "ಯಾರಿಗೂ ಹೇಳಬ್ಯಾಡ್ರಿ" ಎಂದೂ ಸೇರಿಸಿದೆ. ನಮ್ಮ ಗಲ್ಲಿಯಲ್ಲಿ ಸುದ್ದಿ ಬೇಗ ಮುಟ್ಟಬೇಕಾದರೆ ಹೀಗೆಯೇ ಹೇಳಬೇಕು. ಎರಡು ವಾರದಲ್ಲಿ ನಾಲ್ಕು ಮನೆಯವರು ಸುಗಲಾಬಾಯಿಯ ರೊಟ್ಟಿ ನಿಲ್ಲಿಸಿದರು. ಐದನೆಯದು ನಮ್ಮದು.

"ಯಾಕ್ರಿ ಅಕ್ಕಾರ, ಏನಾರ ತಪ್ಪಾತೇನ್ರಿ?" ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು. "ಇಲ್ಲವಾ, ಇನ್ನ ನಾನೇ ಮಾಡ್ತೀನಿ. ಡಾಕ್ಟ್ರು ಹೇಳ್ಯಾರ, ಕೈಕಾಲ ಆಡಬೇಕಂತ" ಎಂದು ಡಾಕ್ಟರ ಹೆಸರಿನಲ್ಲಿ ಸುಳ್ಳು ಹೇಳಿದೆ.

ಮಾರನೆಯ ದಿನದಿಂದ ನಾನೇ ರೊಟ್ಟಿ ಬಡಿಯುವ ಕೊಣಮಿಗೆಯ ಮುಂದೆ ಕುಳಿತೆ. ಅಂಗಡಿಯ ಆಳುಗಳದೂ ಸೇರಿ ನಮ್ಮ ಮನೆಗೆ ದಿನಕ್ಕೆ ಮೂವತ್ತು ರೊಟ್ಟಿ ಬೇಕು. ಹಿಟ್ಟು ನಾದಿ, ಉಂಡೆ ಕಟ್ಟಿ, ಬಲಗೈಯಿಂದ ತಟಪಟ ಬಡಿಯುವುದು. ವಾಚು ಬಿಚ್ಚಲಿಲ್ಲ. ನೀರಿನಲ್ಲಿ ಈಜಿದರೂ ಏನೂ ಆಗುವುದಿಲ್ಲ ಎಂದು ಶೋರೂಮಿನವನು ಹೇಳಿದ್ದ. ಹಿಟ್ಟಿಗೆ ಹೆದರುತ್ತದೆಯೇ?

ಆಮೇಲೆ ಏನಾಯಿತು ಗೊತ್ತೇ? ಹೆಜ್ಜೆಗಳು ಏರತೊಡಗಿದವು. ಎಂಟು ಸಾವಿರ. ಹತ್ತು ಸಾವಿರ. ಹನ್ನೊಂದು ಸಾವಿರ. ದಿನಾ ಪಟಾಕಿ, ದಿನಾ ಪದಕ.

"ನೋಡ್ರಿ," ಎಂದು ಯಜಮಾನರಿಗೆ ಕೈ ಚಾಚಿ ತೋರಿಸಿದೆ, "ಆಕಿ ರೊಟ್ಟಿ ಬಿಟ್ಟ ಮ್ಯಾಲೆ ನನಗ ಎಷ್ಟ ತಾಕತ್ತ ಬಂದದ. ಮನ್ಯಾಗ ಓಡಾಡಿದ್ರ ಇಷ್ಟ ಆಗ್ತದ."

"ಮಶೀನ್ ಅದ, ಅದ್ಯಾಕ ಖೋಟೆ ಹೇಳ್ತದ?" ಎಂದರು ಅವರು.

ಮನೆಯಲ್ಲೇ ಹನ್ನೊಂದು ಸಾವಿರ ಆಗುತ್ತಿರುವಾಗ ಕೆರೆಯ ದಂಡೆಗೆ ಯಾರು ಹೋಗುತ್ತಾರೆ? ಬೆಳಗಿನ ವಾಕಿಂಗ್ ಬಿಟ್ಟೆ. ಆ ಹೊತ್ತಿನಲ್ಲಿ ಇನ್ನೊಂದು ಕಪ್ ಚಹಾ ಕುಡಿದೆ.

ಕೇಳುವುದು, ನೋಡುವುದು, ನಿದ್ದೆ ಅಳೆಯುವುದು, ವಾಚಿನ ಎಲ್ಲ ಕೆಲಸದ ಮೇಲೂ ನನಗೆ ಸಂಶಯವಿತ್ತು. ಹೊಗಳಿಕೆಯೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ.

ಕಳೆದ ತಿಂಗಳು ರಿಪೋರ್ಟು ಬಂತು. ಸಕ್ಕರೆ ಏರಿತ್ತು. ಸ್ವಲ್ಪವಲ್ಲ, ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಡುವಷ್ಟು. "ನಡಿಯೂದ ಬಿಟ್ಟೀರೇನ್ರಿ?" ಎಂದರು. ನಾನು ವಾಚು ತೋರಿಸಿದೆ. ಹನ್ನೊಂದು ಸಾವಿರ ನೋಡಿ ಅವರೂ ನಂಬಿದರು. "ಹಂಗಾದ್ರ ಗುಳಿಗಿ ಸಾಲೂದಿಲ್ಲ ಅನಸ್ತದ. ಇನ್ನೊಂದ ತಿಂಗಳ ನೋಡೂಣು. ಇಳೀಲಿಲ್ಲಂದ್ರ ಇನ್ಸುಲಿನ್."

ನನಗೆ ಭಯವಾಯಿತು. ಭಯವಾದಾಗ ಸಂಶಯದ ಜನ ಏನು ಮಾಡುತ್ತಾರೆ? ಇನ್ನಷ್ಟು ಸಂಶಯಪಡುತ್ತಾರೆ. ಲ್ಯಾಬಿನವರು ರಕ್ತ ಅದಲುಬದಲು ಮಾಡಿರಬೇಕು ಎಂದೆ. ಗುಳಿಗೆ ನಕಲಿ ಇರಬೇಕು ಎಂದೆ. ನಾನು ಗಟ್ಟಿಮುಟ್ಟಾಗಿದ್ದೇನೆ ಎಂದು ಎಲ್ಲರಿಗೂ ತೋರಿಸಲು, ಗಲ್ಲಿಯ ಹೆಂಗಸರ ಪಾದಯಾತ್ರೆಗೆ ನನ್ನ ಹೆಸರನ್ನೂ ಕೊಟ್ಟೆ.

ಆ ಪಾದಯಾತ್ರೆಯೇ ಬೇವಿನ ಗಿಡದ ಕೆಳಗೆ ಮುಗಿದದ್ದು. ಶೋಭಾ ವೈನಿ ಹಿಂತಿರುಗಿ ನೋಡಿ, "ನೀವು ನಿವಾಂತ ಬರ್ರಿ, ನಾವು ಮುಂದ ಹೋಗಿರ್ತೀವಿ" ಎಂದು ಉಳಿದವರ ಜತೆ ನಡೆದೇಬಿಟ್ಟರು. ಯಜಮಾನರಿಗೆ ಕಾರು ತರಲು ಫೋನ್ ಮಾಡಿದೆ. ನೋಯುವ ತೊಡೆಯನ್ನು ಬಡಿದುಕೊಳ್ಳುತ್ತ ಒಬ್ಬಳೇ ಕುಳಿತೆ.

ಹಿಂದಿನಿಂದ ಇನ್ನೊಂದು ಗುಂಪು ಬಂತು. ಅದರಲ್ಲಿ ಸುಗಲಾಬಾಯಿ ಇದ್ದಳು. ಬರಿಗಾಲು, ಹೆಗಲಿಗೊಂದು ಬಟ್ಟೆಯ ಗಂಟು. ನನ್ನನ್ನು ನೋಡಿ ತನ್ನವರಿಗೆ ಮುಂದೆ ಹೋಗಲು ಹೇಳಿ ನಿಂತಳು. ನಿಲ್ಲದೆ ಹೋಗಿದ್ದರೆ ನನಗೆ ಹಗುರವಾಗುತ್ತಿತ್ತು.

"ಏನಾತ್ರಿ ಅಕ್ಕಾರ?"

"ಏನಿಲ್ಲವಾ, ಕಾಲ ಹಿಡದದ."

ಬಾಟಲಿಯಿಂದ ನೀರು ಕೊಟ್ಟಳು. ಪಕ್ಕದಲ್ಲಿ ಕುಳಿತಳು. ಏನಾದರೂ ಹೇಳಬೇಕಲ್ಲ ಎಂದು ವಾಚು ತೋರಿಸಿದೆ. ದಿನಾ ಹನ್ನೊಂದು ಸಾವಿರ ಹೆಜ್ಜೆ ನಡೆಯುವವಳು ನಾನು, ಇವತ್ತು ಯಾಕೆ ಹೀಗಾಯಿತೋ ತಿಳಿಯದು ಎಂದೆ. ಹೇಳುತ್ತ ಹೇಳುತ್ತ ತೊಡೆ ಬಡಿದುಕೊಳ್ಳುವುದು ನಡೆದೇ ಇತ್ತು.

ಸುಗಲಾಬಾಯಿ ವಾಚನ್ನೇ ನೋಡುತ್ತಿದ್ದಳು. ಅವಳಿಗೆ ಅಂಕಿ ಓದಲು ಬರುತ್ತದೆ.

"ಅಕ್ಕಾರ, ನೀವು ಕುಂತೀರಿ. ಇದು ನಡ್ಯಾಕತ್ತದಲ್ರಿ."

ನೋಡಿದೆ. ಹತ್ತು ಸಾವಿರದ ನೂರಾ ಎಪ್ಪತ್ತು ಇದ್ದದ್ದು ಇನ್ನೂರು ದಾಟಿತ್ತು. ಕೈ ನಿಲ್ಲಿಸಿದೆ. ಅಂಕಿ ನಿಂತಿತು. ಮತ್ತೆ ಬಡಿದೆ. ಅಂಕಿ ಹೊರಟಿತು.

"ಹಂಗಲ್ರಿ," ಎಂದಳು ಅವಳು, "ರೊಟ್ಟಿ ಬಡದಂಗ ಬಡೀರಿ."

ರೊಟ್ಟಿ ಬಡಿದ ಹಾಗೆ ಬಡಿದೆ. ಅಂಕಿ ಓಡತೊಡಗಿತು.

ಮೂರು ತಿಂಗಳು ನಾನು ನಡೆದದ್ದೆಲ್ಲ ಕೊಣಮಿಗೆಯ ಮೇಲೆ. ಚಕ್ಕಳಮಕ್ಕಳ ಹಾಕಿ ಕುಳಿತು. ಚಹಾ ಕುಡಿಯುತ್ತ.

ಮೊದಲು ನಕ್ಕದ್ದು ಸುಗಲಾಬಾಯಿ. "ಹಂಗಾದ್ರ ಇಪ್ಪತ್ತ ವರ್ಷದಾಗ ನಾ ಕುಂತಲ್ಲೇ ಎಷ್ಟ ಸಲ ಅಕ್ಕಲಕೋಟ ಮುಟ್ಟೀನೋ ಏನೋರಿ" ಎಂದಳು. ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವಳ ನಗು ನಿಂತಿತ್ತು.

"ಅಕ್ಕಾರ, ನನ್ನ ಹಿಟ್ಟಿನ ಮಾತ ಮೊದಲ ಎಬ್ಬಿಸಿದವ್ರು ನೀವ ಅಂತ ನನಗ ಗೊತ್ತದ. ಶೋಭಾ ವೈನಿನೇ ಹೇಳ್ಯಾರ. ಮಂಗಳವೇಢಾದ ಜ್ವಾಳ ಬೆಳ್ಳಗೇ ಇರ್ತದರಿ. ನನ್ನ ಅಣ್ಣ ಕಳಸ್ತಾನ. ಒಂದ ಮಾತ ಕೇಳಿದ್ರ ನಿಮ್ಮನ್ನ ಗಿರಣಿಗಿ ಕರಕೊಂಡ ಹೋಗಿ, ನಿಮ್ಮ ಕಣ್ಣ ಮುಂದ ಬೀಸಿ ತೋರಸ್ತಿದ್ನಿ. ಈಗ ನಾಲ್ಕ ಮನಿ ಹ್ವಾದ್ವು, ಐದನೇದ ನಿಮ್ಮದ. ಮಧ್ಯಾಹ್ನ ಮ್ಯಾಲ ಟವೆಲ್ ಕಾರಖಾನ್ಯಾಗ ಗಂಟ ಕಟ್ಟಾಕ ಹೊಂಟೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏರಿಸಿ ಮಾತಾಡಿ ಪಾರಾಗುತ್ತಿದ್ದೆ. ನನಗೆ ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಅವಳು ನನ್ನ ಕಾರು ಬರುವವರೆಗೆ ಕುಳಿತಿದ್ದು, ಆಮೇಲೆ ಗಂಟು ಹೆಗಲಿಗೇರಿಸಿ ಅಕ್ಕಲಕೋಟದ ಕಡೆ ನಡೆದಳು.

ಶನಿವಾರ ನಾನು ನಾಲ್ಕೂ ಮನೆಗೆ ಹೋದೆ. ವಾಚು ತೋರಿಸಿ, ಅವರವರ ಕಟ್ಟೆಯ ಮೇಲೆ ಕುಳಿತು, ತೊಡೆ ಬಡಿದು ಪ್ರಾತ್ಯಕ್ಷಿಕೆ ಕೊಟ್ಟೆ. ನನ್ನ ಸಕ್ಕರೆ ಏರಿದ್ದು ನಾನು ನಡೆಯದ್ದಕ್ಕೆ, ಹಿಟ್ಟು ಶುದ್ಧ ಇತ್ತು, ನಾನು ಹೇಳಿದ್ದು ಸುಳ್ಳು ಎಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಚಹಾ ಕೊಟ್ಟರು. (ಸಕ್ಕರೆ ಇಲ್ಲದ್ದು.) ಆದರೆ ರೊಟ್ಟಿ ಮತ್ತೆ ಶುರು ಮಾಡಲು ಒಪ್ಪಿದ್ದು ಒಂದೇ ಮನೆ.

ಶೋಭಾ ವೈನಿ ಏನೆಂದರು ಗೊತ್ತೇ? "ನೀವು ಹೇಳೂದ ಬರೋಬರ್ ಅದರಿ. ಆದ್ರ ಏನೂ ಇಲ್ಲದ ಅಂಥಾ ಮಾತ ಹೆಂಗ ಹುಟ್ತದ?"

ಹೇಗೆ ಹುಟ್ಟುತ್ತದೆ ಎಂದು ಹುಟ್ಟಿಸಿದವಳೇ ಎದುರು ಕುಳಿತು ಹೇಳುತ್ತಿದ್ದೇನೆ. ಆದರೂ ನಂಬಿಕೆಯಿಲ್ಲ. ನಾನು ಸುಳ್ಳು ಹೇಳಿದಾಗ ಒಬ್ಬರೂ ಸಾಕ್ಷಿ ಕೇಳಿರಲಿಲ್ಲ. ನಿಜ ಹೇಳಹೋದರೆ ಎಲ್ಲರಿಗೂ ಸಾಕ್ಷಿ ಬೇಕು.

ವಾಚು ಈಗಲೂ ಇದೆ. ರೊಟ್ಟಿ ಬಡಿಯುವಾಗ ಬಿಚ್ಚಿಡುತ್ತೇನೆ. ಕೆರೆಯ ದಂಡೆಗೆ ಮತ್ತೆ ಹೋಗುತ್ತಿದ್ದೇನೆ. ಭಜಿಯ ಗಾಡಿ ಬಂದಾಗ ಮುಖ ತಿರುಗಿಸುತ್ತೇನೆ, ಪ್ರತಿ ಸಲ ಅಲ್ಲ. ನಾಲ್ಕು ಸಾವಿರ ಹೆಜ್ಜೆಗೆ ವಾಚು ಮುನಿಸಿಕೊಳ್ಳುತ್ತದೆ. ಮುನಿಸಿಕೊಳ್ಳಲಿ.

ನಿನ್ನೆ ಸಂಜೆ ಸುಗಲಾಬಾಯಿಯ ಮನೆಗೆ ಹೋದೆ. ಅವಳು ಕಾರಖಾನೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಒಳಗೆ ಕರೆದಳು, ಚಾಪೆ ಹಾಸಿದಳು. ನಾಳೆಯಿಂದ ನಮ್ಮ ಮನೆಯ ರೊಟ್ಟಿ ಮೊದಲಿನ ಹಾಗೆ ನೀನೇ ಮಾಡು ಎಂದೆ. ಮೂವತ್ತಲ್ಲ, ನಲವತ್ತು ಮಾಡು ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ಬ್ಯಾರೆದವ್ರಿಗಿ ಮಾಡಿಕೊಡ್ತೀನ್ರಿ. ನಿಮಗ ಬ್ಯಾಡ."

"ಯಾಕವಾ, ತಪ್ಪಾತಂತ ಹೇಳೀನಲ್ಲ?"

"ಹೇಳೀರಿ, ಖರೇ ಅದ. ಆದ್ರ ನಾಳಿಗಿ ನಿಮ್ಮ ಸಕ್ಕರಿ ಮತ್ತ ಏರಿದ್ರ, ಆವಾಗ ಯಾರ ಹೆಸರ ಹೇಳ್ತೀರಿ?"