ಬೇರು ಕೀಳದ ಸುಮತಿ ಅಕ್ಕಾರು

ಸುಮತಿ ಅಕ್ಕಾರು ಒಣಗಿಸಿಟ್ಟ ಗಿಡಗಳಿಗೆ ಬೇರೇ ಇರುತ್ತಿರಲಿಲ್ಲ. ಬೆಳಗಾವಿಯ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಕಪಾಟಿನ ತುಂಬ ಅವರು ಗಿಡ ಅಂಟಿಸಿದ ಹಾಳೆಗಳಿದ್ದವು. ಎಲೆ ಇದೆ, ಹೂವಿದೆ, ಕಾಯಿ ಇದೆ. ಕೆಳಗೆ ಮಾತ್ರ ಕತ್ತರಿ ಆಡಿಸಿದ ಗುರುತು. ಅಪ್ಪಿತಪ್ಪಿ ಬೇರು ಕಂಡರೆ, ಗಿಡ ತಾನಾಗಿ ಸತ್ತ ಮೇಲೆ ತಂದದ್ದು ಎಂದು ತಿಳಿಯಬೇಕು. ನೆಲದೊಳಗೆ ಬೆಳೆಯುವ ಗಜ್ಜರಿ, ಉಳ್ಳಾಗಡ್ಡಿ ಮುಟ್ಟದ ಜೈನರ ಹೆಣ್ಣುಮಗಳು ಸಸ್ಯಶಾಸ್ತ್ರ ಓದಿದರೆ ಇನ್ನೇನಾದೀತು ಎಂದು ಉಳಿದ ಅಧ್ಯಾಪಕರು ಬೆನ್ನ ಹಿಂದೆ ನಗುತ್ತಿದ್ದರು. ನಾನು ಎದುರಿಗೇ ನಗುತ್ತಿದ್ದೆ. ಅದೇ ವಿಭಾಗದಲ್ಲಿ ಅವರಿಗಿಂತ ಕಿರಿಯಳು ನಾನು, ತಾಳ್ಮೆ ಎಂಬುದು ನನ್ನ ಹಣೆಯಲ್ಲೇ ಬರೆದಿಲ್ಲ.

“ಒಂದ ವರ್ಷದ ಗಿಡ ಅದ. ಹೆಂಗೂ ಸಾಯತೈತಲ್ಲರೀ ಅಕ್ಕಾರ, ಕಿತ್ತರ ಏನಾತು?” ಎಂದು ಕೆಣಕುತ್ತಿದ್ದೆ.

“ಸಾಯತೈತಿ, ಅದಕ್ಕ ತಡೀತೀನಿ. ತಾನಾಗೇ ಹೋಗೂದನ್ನ ನಾವ್ಯಾಕ ಕಳಸಬೇಕು ನೀಲವ್ವಾ?” ಎನ್ನುತ್ತಿದ್ದರು. ಕೊಂಬೆ ಮುರಿದರೆ ಮತ್ತೆ ಚಿಗುರುತ್ತದೆ, ಬುಡ ಕಿತ್ತರೆ ಮುಗಿಯಿತು. ಅಷ್ಟೇ ಅವರ ಲೆಕ್ಕ. ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಗಿಡ ಹುಡುಕಿ ತಿರುಗಿ ಬರುವಾಗ ಬಸ್ಸು ಖಾನಾಪುರ ಸ್ಟ್ಯಾಂಡಿನಲ್ಲಿ ನಿಂತರೆ, ಆ ಗದ್ದಲದಲ್ಲೇ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಇನ್ನೊಂದು ಹಟ: ಯಾರ ಹತ್ತಿರವೂ ಏನನ್ನೂ ಬೇಡುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟು ಸಹ ಕೇಳಿದವರಲ್ಲ.

ಎಪ್ಪತ್ತರ ದಶಕದ ಕೊನೆಗೆ ಪಾರಿಶ್ವಾಡ ಎಂಬ ಹಳ್ಳಿಯ ರೈತ ಈರಪ್ಪನ ಹೊಲದಲ್ಲಿ ಅವರಿಗೆ ಆ ಗಿಡ ಸಿಕ್ಕಿತು. ನೀರು ನಿಂತು ನಿಂತು ಸವಳು ಬಿದ್ದ ಮೂಲೆ. ನೆಲದ ಮೇಲೆ ಉಪ್ಪು ಬೆಳ್ಳಗೆ ಮೂಡಿತ್ತು, ಜೋಳ ಹುಟ್ಟುತ್ತಿರಲಿಲ್ಲ. ಅಲ್ಲಿ ಮೊಣಕಾಲೆತ್ತರದ ಐದಾರು ಗಿಡ. ನೋಡಲು ನಾವು ಪಲ್ಯ ಮಾಡುವ ಚಕೋತ ಸೊಪ್ಪಿನ ದಾಯಾದಿಯಂತೆ, ಎಲೆ ಮುಕ್ಕೋನವಾಗಿ, ಮೇಲೆ ಹಿಟ್ಟು ಉದುರಿಸಿದ ಹಾಗೆ.

“ನಾಲಗಿಗೆ ಹಚ್ಚಿ ನೋಡು” ಎಂದರು. ಉಪ್ಪು.

“ಬೇರಿನಿಂದ ಉಪ್ಪ ಎಳಕೊಂಡು ಎಲಿ ಮ್ಯಾಲಿನ ಸಣ್ಣ ಸಣ್ಣ ಚೀಲದಾಗ ತುಂಬತೈತಿ. ಆ ಚೀಲ ಒಡದು ಒಣಗಿದ್ದ ಈ ಹಿಟ್ಟು. ಎಲ್ಲಾರನೂ ಕೊಲ್ಲೂ ನೆಲದಾಗ ತಾ ಬದಕೂ ದಾರಿ ಇದು” ಎಂದು ನೆಲದಲ್ಲೇ ಕುಳಿತು ವಿವರಿಸಿದರು. ಹೆಣ್ಣು ಹೂವಿಗೆ ಎಸಳಿಲ್ಲ. ಎರಡು ಪುಟ್ಟ ಎಲೆಗಳು ಕೈ ಮುಗಿದಂತೆ ಬೀಜವನ್ನು ಮುಚ್ಚಿರುತ್ತವೆ, ಬೀಜ ಬಲಿತಂತೆ ಅವೂ ಬಲಿಯುತ್ತವೆ. ಆ ಮುಚ್ಚಳದ ಆಕಾರ ನೋಡಿಯೇ ಇದು ಯಾವ ಜಾತಿ ಎಂದು ಹೇಳಬೇಕು. ಬೀಜದಲ್ಲೂ ಎರಡು ಬಗೆ: ಕಂದು ಬೀಜ ಬೇಗ ಮೊಳೆಯುತ್ತದೆ, ಕರಿಯದು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ.

ಈ ಸೀಮೆಯಲ್ಲಿ ಈ ಗಿಡವನ್ನು ಯಾರೂ ಗುರುತಿಸಿಲ್ಲ ಎಂದು ಅಕ್ಕಾರಿಗೆ ಖಾತ್ರಿ. ಕೊಂಬೆ ಕತ್ತರಿಸಿ ಪುಣೆಯ ತಜ್ಞರಿಗೆ ಕಳಿಸಿದರು. ಬೇರು ಸಮೇತ ಇಡೀ ಗಿಡ ಬೇಕು, ಬಲಿತ ಕಾಯಿ ಬೇಕು ಎಂದು ಉತ್ತರ ಬಂತು. ಸರಿ, ತಾನಾಗಿ ಒಣಗಲಿ ಎಂದು ಕಾದರು. ಒಣಗುವ ಮೊದಲೇ ಕುರಿ ಹಿಂಡು ಬಂದು ಬುಡ ಸಹಿತ ಮೇದು ಹೋಯಿತು. ಉಪ್ಪಿನ ಸೊಪ್ಪು ಕುರಿಗೆ ಹಬ್ಬದೂಟ. “ಅವಕ್ಕ ಹಸಿವಿತ್ತು” ಎಂದಷ್ಟೇ ಅಂದರು. ನನಗೆ ಮೈ ಉರಿಯಿತು.

ಮರುವರ್ಷ ಒಂದೂ ಹುಟ್ಟಲಿಲ್ಲ. ಅದರ ಮುಂದಿನ ವರ್ಷ ಒಂದೇ ಒಂದು ಹುಟ್ಟಿತು, ಮಲಗಿದ್ದ ಕರಿ ಬೀಜದ್ದಿರಬೇಕು. ಆ ಹೊತ್ತಿಗೆ ಅಕ್ಕಾರು ಮಿರಜಕ್ಕೆ ಹೋಗಿ ಎದೆಯ ಗಂಟು ತೋರಿಸಿಕೊಂಡು ಬಂದಿದ್ದರು. ತಡವಾಗಿದೆ ಎಂದಿದ್ದರಂತೆ ಡಾಕ್ಟರು. ನನಗೊಬ್ಬಳಿಗೆ ಹೇಳಿದರು.

“ಜನ್ಮೆಲ್ಲಾ ಗಿಡದ ಹಿಂದ ತಿರಗೇನಿ. ಇದೊಂದರ ಹೆಸರ ತಿಳದ ಹೋಗಬೇಕವ್ವಾ” ಎಂದರು. ಅವರು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಾಗಿಯ ಒಂದು ಮಧ್ಯಾಹ್ನ ಹೊಲಕ್ಕೆ ಹೋದಾಗ ಕಾಯಿ ಇನ್ನೂ ಹಸಿರಿತ್ತು. ಈರಪ್ಪ ಬದುವಿನ ಮೇಲಿದ್ದ. “ನಾಳಿ ಟ್ರ್ಯಾಕ್ಟರ್ ಬರತೈತ್ರಿ ಅಕ್ಕಾರ. ಈ ಮೂಲಿನೂ ನೇಗಿಲಾ ಹೊಡಿಸಿ, ಸವಳ ಹೋಗಾಕ ಜಿಪ್ಸಂ ಹಾಕಾಂವ ಅದೀನಿ” ಎಂದು ಹೇಳಿ ಊರ ಕಡೆ ನಡೆದ.

“ಒಂದ ಗಿಡ ಬಿಡಪಾ ಅಂತ ಹೇಳ್ರಿ, ಇಲ್ಲಾಂದ್ರ ನಾ ಹೇಳ್ತೀನಿ” ಎಂದೆ.

“ಬ್ಯಾಡ. ಅವನ ಅನ್ನದ ನೆಲ ಅದು. ಕಸಕ್ಕ ಬಿಡು ಅನ್ನಾಕ ನಾವ್ಯಾರು?”

ಬಹಳ ಹೊತ್ತು ಗಿಡದ ಮುಂದೆ ಕುಳಿತಿದ್ದರು. ಆಮೇಲೆ ಬುಡಕ್ಕೆ ಕೈ ಹಾಕಿದರು. ಅಭ್ಯಾಸವಿಲ್ಲದ ಕೈ, ಎರಡು ಸಲ ಜಾರಿತು. ಬೇರು ಮಣ್ಣು ಸಮೇತ ಮೇಲೆ ಬಂದಾಗ ಅವರು ಮುಖ ಆ ಕಡೆ ತಿರುಗಿಸಿದ್ದರು. ಆ ಸಂಜೆ ಖಾನಾಪುರದಲ್ಲಿ ರೊಟ್ಟಿ ಬಿಚ್ಚಲಿಲ್ಲ.

ಪುಣೆಯವರು ಈ ಸಲ ಬೇಗ ಉತ್ತರಿಸಿದರು. ಕಾಯಿ ಎಳಸು, ಜಾತಿ ಹೇಳಲಾಗದು. ಉತ್ತ ಮಣ್ಣಿನಲ್ಲಿ ಕರಿ ಬೀಜ ಮೊಳೆತು ಮತ್ತೊಂದು ಗಿಡ ಎದ್ದಿರಬಹುದೇನೋ ನೋಡೋಣ ಎಂದು ಅಕ್ಕಾರು ಮೈಯಲ್ಲಿ ಜ್ವರವಿದ್ದರೂ ಹೊರಟರು. ಬಸ್ಸಿಳಿದು ಹೊಲದವರೆಗೆ ನನ್ನ ಭುಜ ಹಿಡಿದು ನಡೆದರು.

ಹೊಲವೆಲ್ಲ ಉತ್ತಾಗಿತ್ತು. ಸವಳು ಮೂಲೆಯಲ್ಲಿ ಮಾತ್ರ ಚಾಪೆಯಷ್ಟಗಲ ನೆಲ ಹಾಗೇ ಉಳಿದಿತ್ತು. ಸುತ್ತಲೂ ಜಾಲಿಮುಳ್ಳು ಒಟ್ಟಿ ಬೇಲಿ ಕಟ್ಟಿದ್ದರು. ಒಳಗೆ ನಾವು ಕಿತ್ತ ಕುಳಿ.

ಈರಪ್ಪ ನಮ್ಮನ್ನು ಕಂಡು ಓಡಿಬಂದ. ಅವನ ಮುಖ ಸಣ್ಣದಾಗಿತ್ತು. “ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನಿಮ್ಮ ಗಿಡಕ್ಕ ಟ್ರ್ಯಾಕ್ಟರ್ ಹಾಯಿಸ್ತಿದ್ದಿಲ್ರಿ ನಾ, ಅದನ್ನೇನ ಬಾಯಿಬಿಟ್ಟ ಹೇಳೂದು ಅಂತ ಸುಮ್ನಾದೆ. ಮರುದಿನ ಮುಂಜಾನೆ ಮುಳ್ಳ ತಗೊಂಡ ಬಂದ ನೋಡ್ತೀನಿ, ಗಿಡಾನ ಇಲ್ಲ. ಯಾವ ಭಾಡ್ಯಾ ಕಿತ್ತನೋ. ಬೇರಾದ್ರೂ ಉಳದಿದ್ರ ಚಿಗತೀತು ಅಂತ ಹಂಗ ಬಿಟ್ಟೇನ್ರಿ” ಎಂದ.

ನಾನು ಏನೋ ಸುಳ್ಳು ಹೇಳಿ ಮುಚ್ಚಬೇಕೆಂದು ಬಾಯಿ ತೆರೆದೆ. ಅಕ್ಕಾರು ನನ್ನ ಕೈ ಅದುಮಿದರು.

“ಕಿತ್ತಾಕಿ ನಾನ, ಈರಪ್ಪಾ.”

ಅವನು ಅವರನ್ನು ನೋಡಿದ, ಕುಳಿಯನ್ನು ನೋಡಿದ. ನಂಬಲಿಲ್ಲ ಎಂದು ಕಾಣುತ್ತದೆ. “ನೀವು ಹಂಗ ಕೀಳೂ ಮಂದಿ ಅಲ್ಲ ಬಿಡ್ರಿ” ಎಂದು ಸಮಾಧಾನ ಹೇಳಿದ. ಆಗ ಅಕ್ಕಾರು ಅತ್ತರು. ತಮ್ಮ ಎದೆಯ ಗಂಟಿನ ಸುದ್ದಿ ಹೇಳುವಾಗಲೂ ಅಳದವರು ಅವನೆದುರು, ಬಿಸಿಲಲ್ಲಿ ನಿಂತು, ಸೆರಗನ್ನೂ ಬಾಯಿಗೆ ಹಿಡಿಯದೆ ಅತ್ತರು. ಮಳೆ ಬೀಳುವ ಮೊದಲೇ ತೀರಿಕೊಂಡರು.

ಆಮೇಲೆ ನಾನು ಹಲವು ಮಾಗಿ ಪಾರಿಶ್ವಾಡಕ್ಕೆ ಹೋದೆ. ಗಿಡ ಮತ್ತೆ ಹುಟ್ಟಲಿಲ್ಲ. ಈರಪ್ಪ ಪ್ರತಿ ವರ್ಷ ಆ ಚಾಪೆಯಗಲ ನೆಲವನ್ನು ಬಿಟ್ಟೇ ಉಳುತ್ತಿದ್ದ.