ತಪ್ಪಿದ ಬಾಗಿಲಲ್ಲಿ ಕಹಳೆ

ಅಂದಿಜಾನ್ ಪಟ್ಟಣದ ಹಳೇ ದಾಖಲೆಗಳ ಕಚೇರಿಯಲ್ಲಿ ಹಮ್ದಮ್ ಇಪ್ಪತ್ತೆರಡು ವರ್ಷ ಕಡತಗಳ ಧೂಳು ಒರೆಸಿದ. ಅಲ್ಲಿ ಸೀನಿದರೂ ಕಣ್ಣು ಕೆಂಪಗೆ ಮಾಡುವವರಿದ್ದರು. ಅಂಥವನು ನಲವತ್ತಾರನೇ ವಯಸ್ಸಿನಲ್ಲಿ ಕರ್ನಾಯ್ ಹಿಡಿದ. ಆಳಿಗಿಂತ ಉದ್ದದ ಹಿತ್ತಾಳೆ ಕಹಳೆ ಅದು. ಊದಿದರೆ ಮೂರು ಕೇರಿಗೆ ಕೇಳಬೇಕು. ಊದಿದ ದಿನ ಅವನಿಗೆ ಊಟ ರುಚಿಸುತ್ತಿತ್ತು, ಹಾಸಿಗೆಗೆ ಬಿದ್ದರೆ ನಿದ್ದೆ. ಇದನ್ನು ಹೇಳಹೋದರೆ ಹೆಂಡತಿ ಮುಕದ್ದಸ್ ಬಾಯಿ ಮುಚ್ಚಿಸುತ್ತಿದ್ದಳು. "ಇದ್ದ ಕುರ್ಚಿ ಬಿಟ್ಟು ಕೊಳವೆ ಊದ್ತೀನಿ ಅಂತೀರಲ್ಲ, ತಲೆ ನೆಟ್ಟಗಿದೆಯೇನ್ರೀ?"

ಕಹಳೆ ಕಲಿಸುತ್ತಿದ್ದ ಗುರು ಎರ್ಗಶ್ ಒಂದು ದಿನ ಕಡ್ಡಿ ಮುರಿದಂತೆ ಹೇಳಿದರು: "ಭಾನುವಾರ ಮದುವೆ ಮನೇಲಿ ಬೆಳಗಿನ ಪಲಾವ್. ಮೊದಲನೇ ಕೂಗು ನಿಂದು. ಸರಿಹೋದ್ರೆ ನಮ್ಮ ಮೇಳದಲ್ಲಿರು. ಕೆಟ್ಟರೆ ನಿನ್ನ ಧೂಳು ನಿನಗೆ."

ಭಾನುವಾರ ಮಬ್ಬು ಬೆಳಕಿನಲ್ಲೇ ಹಮ್ದಮ್ ಕಹಳೆ ಹೆಗಲಿಗೇರಿಸಿ ಮುಂದೆ ಮುಂದೆ ಹೊರಟ. ಗುರು ಹಿಂದಿನಿಂದ ಬರುತ್ತಿದ್ದರು. ತಿರುವಿನಲ್ಲೇ ಪಲಾವಿನ ಘಮಘಮ. ಬಾಗಿಲಲ್ಲಿ ಗಂಡಸರು ಸಾಲಾಗಿ ನಿಂತು, ಎದೆಗೆ ಕೈಯಿಟ್ಟು, ಬಂದವರನ್ನು ಒಳಗೆ ಕರೆಯುತ್ತಿದ್ದರು. ಇನ್ನೇನು ಬೇಕು? ಹಮ್ದಮ್ ಕಹಳೆಯನ್ನು ಆಕಾಶಕ್ಕೆತ್ತಿ, ಇಪ್ಪತ್ತೆರಡು ವರ್ಷ ಅದುಮಿಟ್ಟ ಉಸಿರನ್ನೆಲ್ಲ ಸೇರಿಸಿ ಊದಿದ.

ಪಾರಿವಾಳಗಳು ಹಾರಿಹೋದವು. ಗಂಡಸರು ನಿಂತಲ್ಲೇ ಕಲ್ಲಾದರು. ಅವರ ಸೊಂಟ ಹಮ್ದಮನ ಕಣ್ಣಿಗೆ ಬಿದ್ದದ್ದು ಆಗಲೇ: ಎಲ್ಲರೂ ನಿಲುವಂಗಿಯ ಮೇಲೆ ನಡುವಸ್ತ್ರ ಬಿಗಿದಿದ್ದರು, ಆ ಊರಲ್ಲಿ ಅದು ಸೂತಕದವರ ಗುರುತು. ಸಾವಿನ ಮನೆ! ಸತ್ತವರ ಹೆಸರಿನ ಪಲಾವೂ ಬೆಳಗ್ಗೆಯೇ, ಮದುವೆಯ ಪಲಾವೂ ಬೆಳಗ್ಗೆಯೇ. ಮದುವೆ ಮನೆ ನಾಲ್ಕು ಬಾಗಿಲು ಆಚೆಗಿತ್ತು.

ಓಡಿಬಂದ ಎರ್ಗಶ್ ತಲೆ ಚಚ್ಚಿಕೊಂಡರು. "ಹಾಳಾದೋನೇ, ಮಾನ ಕಳೆದ್ಯಲ್ಲೋ!"

ಮುಗಿಯಿತು, ನಾಳೆಯಿಂದ ಮತ್ತೆ ಧೂಳು ಎಂದುಕೊಂಡ ಹಮ್ದಮ್. ಅಳುವೇ ಬಂತು.

ಒಳಗಿನಿಂದ ಸಲಾಮತ್ ಅಜ್ಜಿ ಬಂದಳು. ತೀರಿಕೊಂಡವನು ಆಕೆಯ ಗಂಡ, ತೊಂಬತ್ತೊಂದರ ಮುದುಕ.

"ಯಾರಪ್ಪ ಊದಿದ್ದು?"

"ನಾನೇ ಅಮ್ಮ. ತಪ್ಪಾಯ್ತು, ಮನ್ನಿಸಿ."

"ನಮ್ಮೆಜಮಾನ್ರಿಗೆ ಹತ್ತು ವರ್ಷದಿಂದ ಕಿವಿ ಕೇಳ್ತಿರ್ಲಿಲ್ಲ. ಇದು ಕೇಳ್ಸಿರತ್ತೆ ಬಿಡು!"

ಅಜ್ಜಿಯ ತುಟಿ ಅದುರಿತು. ಇನ್ನೇನು ಅತ್ತಳು ಎನ್ನುವಷ್ಟರಲ್ಲಿ ನಕ್ಕುಬಿಟ್ಟಳು. ಸಾಲಿನ ಗಂಡಸರೂ ಮೀಸೆಯಡಿ ನಕ್ಕರು.

"ವರ್ಷ ಕಳೀಲಿ, ಮೊಮ್ಮಗನ ಮದುವೆ ಇದೆ. ಇವನೇ ಊದಬೇಕು. ಕೇಳಿಸ್ತಾ ಎರ್ಗಶ್?"

"ಮೂವತ್ತು ವರ್ಷ ಊದಿದೀನಿ, ಸಾವಿನ ಮನೇಲಿ ನಿಂತು ನನ್ನನ್ನ ಯಾರೂ ಮದುವೆಗೆ ಕರೀಲಿಲ್ಲ" ಎಂದು ಎರ್ಗಶ್ ಗೊಣಗಿದರು. ಆಮೇಲೆ ಹಮ್ದಮನ ಬೆನ್ನಿಗೊಂದು ಗುದ್ದಿ, "ನಡಿಯೋ, ಮದುವೆ ಮನೇಲಿ ನಮ್ಮ ಮೇಳಕ್ಕೆ ಕಾಯ್ತಿದಾರೆ" ಎಂದರು.

ಮಧ್ಯಾಹ್ನ ಹಮ್ದಮ್ ಮನೆಗೆ ಬಂದಾಗ ತುಟಿ ಬಾತುಕೊಂಡಿತ್ತು. ಮಾತಾಡಹೋದರೆ ಬರೀ ನಗು ಬರುತ್ತಿತ್ತು.

"ಯಾಕ್ರೀ, ಓಡಿಸಿಬಿಟ್ರಾ?" ಎಂದಳು ಮುಕದ್ದಸ್.

ಅವನು ಇಲ್ಲವೆಂದು ತಲೆಯಾಡಿಸಿ ಮತ್ತೆ ನಕ್ಕ. ಆಕೆ ಅವನ ಮುಖವನ್ನೇ ನೋಡುತ್ತ ಚಹಾ ಬಗ್ಗಿಸಿ ಮುಂದಿಟ್ಟಳು.

"ನಿಮ್ಮನ್ನ ಕಟ್ಕೊಂಡು ಇಪ್ಪತ್ತು ವರ್ಷ ಆಯ್ತು. ಕೆಲಸದಿಂದ ನಗ್ತಾ ಬಂದಿದ್ದು ಇವತ್ತೇ" ಎಂದಳು. "ನಾಳೆ ಕಚೇರಿ ಕೀಲಿಕೈ ಕೊಟ್ಟು ಬನ್ನಿ."