ಕೈ ನೋಡಿ ಕೆಲಸ ಹೇಳುವ ಮೇಷ್ಟ್ರು

ಫಿಸಿಕ್ಸ್ ಡಿಗ್ರಿ ಮುಗಿಸಿ ಮುಂದೇನು ಮಾಡಲಿ ಎಂದು ಯಾರೇ ಕೇಳಲಿ, ಲ್ಯಾಬ್ ಮೇಷ್ಟ್ರು ಅವರ ಅಂಕಪಟ್ಟಿಯನ್ನು ಮೂಸಿಯೂ ನೋಡುವುದಿಲ್ಲ. "ಕೆಲಸ ಮಾಡೋದು ಮಾರ್ಕ್ಸಲ್ಲ, ಕೈ" ಎಂದು ಗೊಣಗಿ, ಪ್ರಯೋಗದ ಹೊತ್ತಿನಲ್ಲಿ ಅವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾರೆ. ಲೋಲಕವನ್ನು ಮುಟ್ಟದೆಯೇ ಪುಸ್ತಕದಲ್ಲಿರುವ ಉತ್ತರ ಬರೆದವನಿಗೆ, "ನೀನು ಸೇಲ್ಸಿಗೆ ಹೋಗಪ್ಪ, ಇಲ್ಲದ ಮಾಲನ್ನೂ ಮಾರ್ತೀಯ" ಎನ್ನುತ್ತಾರೆ. ತಪ್ಪು ಬಂದ ಅಳತೆಯನ್ನು ತಿದ್ದದೆ, ಯಾಕೆ ಹೀಗಾಯಿತೆಂದು ಹಟ ಹಿಡಿದು ಕೂತವಳಿಗೆ ಸಂಶೋಧನೆ: "ಹೊಟ್ಟೆಪಾಡಿಗೆ ಕಷ್ಟ ಕಣಮ್ಮ, ಆದ್ರೆ ನೀನು ಬೇರೆಲ್ಲೂ ಬಾಳಲ್ಲ." ಕಿಟಕಿಯಾಚೆಯ ಮೋಡದಲ್ಲೇ ಕಣ್ಣು ನೆಟ್ಟವನಿಗೆ ಹವಾಮಾನ ಕಚೇರಿ, ಮಸೂರವನ್ನು ಮಗುವಿನ ಮುಖದಂತೆ ಒರೆಸುವವಳಿಗೆ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ಕೆಟ್ಟ ಮೀಟರು ಕಂಡರೆ ಕೈ ತುರಿಸುವವನಿಗೆ ಉಪಕರಣದ ಕಾರ್ಖಾನೆ. ಪ್ರಿನ್ಸಿಪಾಲರು ತಮಾಷೆಗೆ ತಮ್ಮ ಕೈಯನ್ನೂ ಚಾಚಿದಾಗ, "ನಿಮಗೆ ಸರಿಯಾದ ಜಾಗವೇ ಸಿಕ್ಕಿದೆ ಸರ್, ಅಲ್ಲಿ ಕೈಗೆ ಕೆಲಸವಿಲ್ಲ" ಎಂದುಬಿಟ್ಟರು. ಆದರೆ ಅದೇ ಲ್ಯಾಬಿನಲ್ಲಿ ಕೊನೆಯ ವರ್ಷ ಓದುವ ಸ್ವಂತ ಮಗಳು, ಎಲ್ಲಿಗೆ ಅರ್ಜಿ ಹಾಕುವುದೆಂದು ತಿಳಿಯದೆ ಒದ್ದಾಡಿ, "ಅಪ್ಪ, ನನ್ನ ಕೈ ಏನನ್ನುತ್ತೆ?" ಎಂದು ಕೇಳಿದ ದಿನ ಮೇಷ್ಟ್ರು ಅವಳ ಮೇಜಿನ ಕಡೆ ತಿರುಗಿ ನೋಡಿದರು. ಅವಳಿಗೆ ತೊಂದರೆಯಾಗದಿರಲಿ ಎಂದು, ಅವಳು ಬರುವ ಮೊದಲೇ ಅವಳ ಮೇಜಿನ ಉಪಕರಣವನ್ನೆಲ್ಲ ಇಷ್ಟು ವರ್ಷವೂ ಇವರೇ ಜೋಡಿಸಿಡುತ್ತಿದ್ದರು. "ನಿನ್ನ ಕೈ ನಾನು ನೋಡೇ ಇಲ್ಲ ಮಗಳೇ," ಎಂದರು. "ನಾಳೆ ನೀನೇ ಜೋಡಿಸ್ಕೋ." ಮರುದಿನ ಅವಳು ಮೊದಲ ವೈರನ್ನೇ ತಪ್ಪು ಕಡೆಗೆ ಸಿಕ್ಕಿಸಿದಳು, ಮೇಷ್ಟ್ರು ಎರಡೂ ಕೈಯನ್ನು ಜೇಬಿಗೆ ತುರುಕಿಕೊಂಡು ದೂರವೇ ನಿಂತರು.